ಪಿವಟ್ ಟೇಬಲ್‌ನಲ್ಲಿ ಊರು ಮೊದಲು, ತಾಲ್ಲೂಕು ಆಮೇಲೆ

ಸಿಂಧನೂರು, ಲಿಂಗಸುಗೂರು, ಮಸ್ಕಿ ಭಾಗದ ಶಾಸನಗಳ ಪಟ್ಟಿಯನ್ನ ನಾನು ಎಕ್ಸೆಲ್ ಪಿವಟ್ ಟೇಬಲ್‌ನಲ್ಲಿ ನೋಡ್ತೀನಿ. ಅಲ್ಲಿ ಫೀಲ್ಡ್‌ಗಳ ಕ್ರಮ ಬಹಳ ಮುಖ್ಯ. 1915ರಲ್ಲಿ ಸಿಕ್ಕ, ಅಶೋಕನ ಹೆಸರನ್ನೇ ಹೇಳುವ ಮಸ್ಕಿ ಶಾಸನವನ್ನು ತಗೊಳ್ಳಿ. ಹಳೆಯ ಪುಸ್ತಕಗಳಲ್ಲಿ ಅದರ ವಿಳಾಸ ಲಿಂಗಸುಗೂರು ತಾಲ್ಲೂಕು. ಈಗ ಮಸ್ಕಿಯೇ ತಾಲ್ಲೂಕು. ತಾಲ್ಲೂಕು ಮೇಲಿದ್ದರೆ ಒಂದೇ ಊರಿನ ಶಾಸನಗಳು ಎರಡು ಕಡೆ ಹಂಚಿಹೋಗ್ತವೆ. ಹಾಗಾಗಿ ‘ರೋಸ್’ ಪೆಟ್ಟಿಗೆಯಲ್ಲಿ ‘ಊರು’ ಫೀಲ್ಡನ್ನು ಎಳೆದು ಮೇಲಿಡಿ; ಅದರ ಕೆಳಗೆ ರಾಜವಂಶ, ಕೊನೆಗೆ ತಾಲ್ಲೂಕು.

ರಾಜವಂಶ ಅಕಾರಾದಿಯಲ್ಲಿ ಬಂದರೆ ಚಾಲುಕ್ಯರು ಮೌರ್ಯರಿಗಿಂತ ಮೊದಲು ಕೂರ್ತಾರೆ! ‘ಮೌರ್ಯ’ದ ಮೇಲೆ ರೈಟ್ ಕ್ಲಿಕ್ ಮಾಡಿ, ‘ಮೂವ್’ ಆರಿಸಿ, ಮೇಲಕ್ಕೆ ತನ್ನಿ. ಮೂಲ ದಾಖಲೆ ಬದಲಾಗಲ್ಲ, ಕಾಣುವ ಕ್ರಮ ಮಾತ್ರ ಬದಲಾಗುತ್ತೆ. ಹಳೆಯ ತಾಲ್ಲೂಕಿನ ಹೆಸರನ್ನ ಮಾತ್ರ ಅಳಿಸಬೇಡಿ. ಹಳೆ ಸಂಪುಟಗಳಲ್ಲಿ ಹುಡುಕೋರಿಗೆ ಅದೇ ದಾರಿ.