ಮೇಲಿನ ಜೋಡಿಗೆ ಏರುವ ದಾರಿ

ಜಾತ್ರೆ ಹತ್ತಿರ ಬಂತೆಂದರೆ ಬೈಲಹೊಂಗಲದ ಗೋಡೆಗಳಿಗೆ ಕುಸ್ತಿಯ ಪೋಸ್ಟರ್ ಹಚ್ಚುತ್ತಾರೆ. ಮೇಲ್ಗಡೆ ಒಂದನೇ ನಂಬರಿನ ಜೋಡಿ. ಲಂಗೋಟಿ ಕಟ್ಟಿ, ಎದೆ ಉಬ್ಬಿಸಿ ನಿಂತ ಇಬ್ಬರು ಪೈಲ್ವಾನರ ದೊಡ್ಡ ಫೋಟೊ. ಅದರ ಕೆಳಗೆ ಎರಡನೇ ಜೋಡಿ, ಫೋಟೊ ತುಸು ಸಣ್ಣದು. ಕೆಳಗಿಳಿದಂತೆ ಮುಖಗಳು ಅಂಚೆ ಚೀಟಿಯಷ್ಟಾಗಿ, ಕಡೆಗೆ ಬರೀ ಹೆಸರು ಮತ್ತು ಊರು ಉಳಿಯುತ್ತವೆ. ಪೋಸ್ಟರಿನಲ್ಲಿ ಹೆಸರೂ ಇಲ್ಲದ ಹುಡುಗರು ಕುಸ್ತಿಯ ದಿನ ಎಲ್ಲರಿಗಿಂತ ಮೊದಲೇ ಕಣದ ಅಂಚಿಗೆ ಬಂದು ಕೂತಿರುತ್ತಾರೆ. ಗೆದ್ದರೆ ಅವರಿಗೆ ಸಿಗುವುದು ಒಂದು ತೆಂಗಿನಕಾಯಿ, ಇಲ್ಲವೆ ನೂರಿನ್ನೂರು ರೂಪಾಯಿ. ಆದರೂ ಎದುರಾಳಿಯನ್ನು ಚಿತ್ ಮಾಡಿ ಎದ್ದ ಹುಡುಗನ ಬೆನ್ನಿನ ಮಣ್ಣು ಉದುರುವ ಮೊದಲೇ ಹಿರಿಯರು ಯಾರಾದರೂ ಅಂದೇ ಅನ್ನುತ್ತಾರೆ: "ಬರೋ ವರ್ಷ ಇವಂಗ ಮ್ಯಾಲಿನ ಜೋಡಿ ಹಾಕ್ರಿ."

ಸಣ್ಣವನಿದ್ದಾಗಿನಿಂದ ಕೇಳಿದ ಈ ಮಾತಿನ ತೂಕ ನನಗೆ ತಿಳಿದದ್ದು ಫುಟ್‌ಬಾಲಿನ ಚರಿತ್ರೆ ಓದುವಾಗ. ಗೆದ್ದವನು ಮುಂದಿನ ವರ್ಷ ಒಂದು ಮೆಟ್ಟಿಲು ಮೇಲೇರಬೇಕು. ನಮ್ಮ ಸವದತ್ತಿ, ಕಿತ್ತೂರು, ರಾಮದುರ್ಗದ ಕಡೆಯ ಕುಸ್ತಿ ಕಣದಲ್ಲಿ ಇದನ್ನು ಯಾರೂ ಬರೆದಿಟ್ಟಿಲ್ಲ, ಎಲ್ಲರೂ ಪಾಲಿಸುತ್ತಾರೆ. ಫುಟ್‌ಬಾಲಿನಲ್ಲಿ ಇದನ್ನೇ ಬರೆದಿಡಬೇಕಾಯಿತು, ಬರೆದದ್ದಕ್ಕಾಗಿ ಜಗಳವಾಡಬೇಕಾಯಿತು. ಎರಡು ಮಹಾಯುದ್ಧಗಳ ನಡುವಿನ ವರ್ಷಗಳಲ್ಲಿ ಆ ಜಗಳ ನಮ್ಮ ದೇಶದ ಮೈದಾನಗಳಿಗೂ ಬಂತು.

ಎರಡನೆಯವನಿಗೆ ಏನೂ ಇಲ್ಲ

ಫುಟ್‌ಬಾಲ್ ಲೀಗ್ ಹುಟ್ಟಿದ್ದು ಇಂಗ್ಲೆಂಡಿನಲ್ಲಿ, 1888ರಲ್ಲಿ, 12 ಕ್ಲಬ್ಬುಗಳೊಂದಿಗೆ. ನಾಲ್ಕು ವರ್ಷಕ್ಕೆ ಎರಡನೇ ಡಿವಿಷನ್ ಬಂತು. ಕೆಳಗಿನವರು ಮೇಲೆ ಹೋಗುವುದು ಹೇಗೆ? ಮೊದಮೊದಲು ಮೇಲಿನ ಡಿವಿಷನ್ನಿನ ಕೊನೆಯ ತಂಡಗಳನ್ನೂ ಕೆಳಗಿನ ಡಿವಿಷನ್ನಿನ ಮೊದಲ ತಂಡಗಳನ್ನೂ ಪರೀಕ್ಷಾ ಪಂದ್ಯಗಳಲ್ಲಿ ಎದುರಾಬದುರು ನಿಲ್ಲಿಸುತ್ತಿದ್ದರು. 1898ರಲ್ಲಿ ಅಂಥ ಒಂದು ಪಂದ್ಯದಲ್ಲಿ ಸ್ಟೋಕ್ ಮತ್ತು ಬರ್ನ್ಲಿ ತಂಡಗಳು ಎದುರಾದವು. ಡ್ರಾ ಆದರೆ ಎರಡಕ್ಕೂ ಮೇಲಿನ ಡಿವಿಷನ್ ಖಚಿತ. ಪಂದ್ಯ ಒಂದೂ ಗೋಲಿಲ್ಲದೆ ಮುಗಿಯಿತು. ನೋಡಲು ಬಂದವರಿಗೆ ಇದು ಹೊಂದಾಣಿಕೆಯೆಂದು ಅರ್ಥವಾಗಲು ಹೊತ್ತು ಹಿಡಿಯಲಿಲ್ಲ. ಪರೀಕ್ಷಾ ಪಂದ್ಯಗಳ ಪದ್ಧತಿ ಅಲ್ಲಿಗೆ ನಿಂತಿತು. ವರ್ಷಪೂರ್ತಿ ಗಳಿಸಿದ ಅಂಕಗಳೇ ಬಡ್ತಿಯನ್ನು ತೀರ್ಮಾನಿಸುವ ನಿಯಮ ಆ ಮೇಲೆ ಬಂತು.

ಮೊದಲ ಮಹಾಯುದ್ಧ ಮುಗಿದ ಮೇಲೆ ಮೂರನೇ ಡಿವಿಷನ್ ಸೇರಿತು. ಅದನ್ನು ಉತ್ತರ, ದಕ್ಷಿಣ ಎಂದು ಎರಡು ಮಾಡಿದರು, ಮತ್ತು ಒಂದೊಂದರಿಂದ ಒಂದೇ ತಂಡಕ್ಕೆ ಬಡ್ತಿ ಎಂದು ಗೊತ್ತುಮಾಡಿದರು. ಈ ಕಟ್ಟುನಿಟ್ಟಿನ ಪೂರ್ತಿ ಬೆಲೆ ತೆತ್ತದ್ದು ಇಂಗ್ಲೆಂಡಿನ ನೈಋತ್ಯ ತುದಿಯ ಬಂದರಿನ ಕ್ಲಬ್ಬು ಪ್ಲಿಮತ್ ಆರ್ಗೈಲ್. 1921-22ರ ಋತುವಿನಲ್ಲಿ ಪ್ಲಿಮತ್ 42 ಪಂದ್ಯಗಳಲ್ಲಿ 25 ಗೆದ್ದಿತು. ಸೌತಾಂಪ್ಟನ್ ಗೆದ್ದದ್ದು 23, ಆದರೆ ಅದರ ಡ್ರಾಗಳು ಹೆಚ್ಚು. ಗೆಲುವಿಗೆ 2, ಡ್ರಾಗೆ 1 ಅಂಕವಿದ್ದ ಕಾಲ. ಇಬ್ಬರೂ 61ಕ್ಕೆ ಬಂದು ನಿಂತರು. ಆಗ ಹೊಡೆದ ಗೋಲುಗಳನ್ನು ಬಿಟ್ಟುಕೊಟ್ಟ ಗೋಲುಗಳಿಂದ ಭಾಗಿಸಿ ನೋಡಿದರು. ಸೌತಾಂಪ್ಟನ್ 68 ಹೊಡೆದು 21 ಬಿಟ್ಟುಕೊಟ್ಟಿತ್ತು. ಪ್ಲಿಮತ್ 63 ಹೊಡೆದು 24. ಹೆಚ್ಚು ಪಂದ್ಯ ಗೆದ್ದ ಪ್ಲಿಮತ್ ಕೆಳಗೇ ಉಳಿಯಿತು.

ಕತೆ ಅಲ್ಲಿಗೆ ಮುಗಿಯಲಿಲ್ಲ. ಮುಂದಿನ ವರ್ಷವೂ ಎರಡನೇ ಸ್ಥಾನ, ಅದರಾಚೆಯ ವರ್ಷವೂ ಅದೇ. ಹೀಗೆ 1927ರ ತನಕ ಸತತ ಆರು ಋತು ಪ್ಲಿಮತ್ ಎರಡನೆಯದಾಗಿಯೇ ಉಳಿಯಿತು. ಎರಡು ಸಲ ತಪ್ಪಿದ್ದು ಒಂದೇ ಒಂದು ಅಂಕದಿಂದ. ಕೊನೆಗೂ ಮೇಲೇರಿದ್ದು 1930ರಲ್ಲಿ. ಆರು ಬೇಸಿಗೆ ಎರಡನೆಯವರಾಗಿ ಮನೆಗೆ ಹೋದವರು ಏಳನೇ ಸಲ ಬೂಟಿನ ಲೇಸು ಬಿಗಿದಾಗ ಅವರಿಗಿದ್ದ ಭರವಸೆ ಯಾವುದು? ನಿಯಮ ಕಠಿಣ, ಆದರೆ ಎಲ್ಲರಿಗೂ ಒಂದೇ. ಇವತ್ತಲ್ಲ ನಾಳೆ ಮೊದಲನೆಯವರಾದರೆ ಬಾಗಿಲು ತೆರೆಯಲೇಬೇಕು.

ಮೂರನೆಯವರಿಗೆ ಜಾಗವಿಲ್ಲ

ಆ ಭರವಸೆಯೂ ನಮ್ಮವರಿಗೆ ಇರಲಿಲ್ಲ. ಕೋಲ್ಕತ್ತಾದಲ್ಲಿ ಲೀಗ್ ಶುರುವಾದದ್ದು 1898ರಲ್ಲಿ, ಬ್ರಿಟಿಷ್ ಪಡೆಗಳಿಗೂ ಯುರೋಪಿಯನ್ ಕ್ಲಬ್ಬುಗಳಿಗೂ. 1911ರಲ್ಲಿ ಮೋಹನ್ ಬಗಾನ್ ತಂಡ ಹೆಚ್ಚುಕಡಿಮೆ ಬರಿಗಾಲಲ್ಲೇ ಆಡಿ, ಈಸ್ಟ್ ಯಾರ್ಕ್‌ಷೈರ್ ರೆಜಿಮೆಂಟನ್ನು ಸೋಲಿಸಿ ಐಎಫ್‌ಎ ಶೀಲ್ಡ್ ಗೆದ್ದಿತು. ದೇಶವೇ ಹಿಗ್ಗಿದ ಆ ಗೆಲುವಿನ ಮೂರು ವರ್ಷಗಳ ಮೇಲೆ, 1914ರಲ್ಲಿ, ಮೋಹನ್ ಬಗಾನ್ ಮತ್ತು ಆರ್ಯನ್ ಕ್ಲಬ್ಬುಗಳಿಗೆ ಲೀಗಿನ ಎರಡನೇ ಡಿವಿಷನ್ನಿನಲ್ಲಿ ಜಾಗ ಸಿಕ್ಕಿತು. ಮೊದಲನೇ ಡಿವಿಷನ್ನಿಗೆ ಮಾತ್ರ ಒಂದು ಬೇಲಿ ಇತ್ತು: ಅಲ್ಲಿ ಭಾರತೀಯ ಕ್ಲಬ್ಬುಗಳು ಎರಡಕ್ಕಿಂತ ಹೆಚ್ಚಿರಕೂಡದು.

ಕಣದಲ್ಲಿ ಗೆದ್ದ ಹುಡುಗನಿಗೆ "ಮೇಲಿನ ಜೋಡಿಯಲ್ಲಿ ನಿಮ್ಮ ಊರಿನವರು ಆಗಲೇ ಇಬ್ಬರಿದ್ದಾರೆ, ನೀನು ತೆಂಗಿನಕಾಯಿ ಕುಸ್ತಿಯಲ್ಲೇ ಇರು" ಎಂದರೆ ಹೇಗೆ? 1920ರಲ್ಲಿ ಹುಟ್ಟಿದ ಈಸ್ಟ್ ಬೆಂಗಾಲ್ ಕ್ಲಬ್ಬಿಗೆ 1924ರಲ್ಲಿ ಎದುರಾದದ್ದು ಇದೇ ಮಾತು. ಬಡ್ತಿಗೆ ಬೇಕಾದ ಆಟ ಆಡಿಯಾಗಿತ್ತು, ಮೇಲಿನ ಎರಡು ಜಾಗ ಮಾತ್ರ ಭರ್ತಿಯಾಗಿದ್ದವು. ಈ ನಿಯಮದ ಮೇಲೆ ದೊಡ್ಡ ವಾದ ನಡೆದು ಕಡೆಗೆ ಬೇಲಿ ಮುರಿಯಿತು. 1925ರಲ್ಲಿ ಈಸ್ಟ್ ಬೆಂಗಾಲ್ ಮೊದಲನೇ ಡಿವಿಷನ್ನಿಗೆ ಬಂದು, ಆ ವರ್ಷವೇ ಮೋಹನ್ ಬಗಾನನ್ನು ಒಂದು ಗೋಲಿನಿಂದ ಸೋಲಿಸಿತು.

ಅದೇ 1924ರ ಡಿಸೆಂಬರಿನಲ್ಲಿ ಗಾಂಧೀಜಿ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷರಾಗಿ ಕೂತಿದ್ದರು. ಕಿತ್ತೂರಿನ ಕೋಟೆ ಬ್ರಿಟಿಷರ ಕೈಗೆ ಬಿದ್ದು ಆ ತಿಂಗಳಿಗೆ ಸರಿಯಾಗಿ ನೂರು ವರ್ಷವಾಗಿತ್ತು. ರಾಣಿ ಚೆನ್ನಮ್ಮ ಸೆರೆಯಲ್ಲಿ ಕೊನೆಯುಸಿರೆಳೆದ ಬೈಲಹೊಂಗಲ ಆಗ ಸಂಪಗಾಂವಿ ತಾಲ್ಲೂಕಿನ ಮುಖ್ಯ ಊರು. ನಮ್ಮ ನೆಲದಲ್ಲಿ ಸ್ವರಾಜ್ಯದ ಮಾತು, ಅಲ್ಲಿ ಮೈದಾನದಲ್ಲಿ ಒಂದು ಜಾಗದ ಮಾತು. ನಮ್ಮ ಯೋಗ್ಯತೆಯನ್ನು ಅಳೆಯುವವರು ಯಾರು ಎಂಬ ಪ್ರಶ್ನೆ ಎರಡರಲ್ಲೂ ಇತ್ತು.

ಉಪ್ಪಿನ ವರ್ಷ

1928ರಲ್ಲಿ ಈಸ್ಟ್ ಬೆಂಗಾಲ್ ಮತ್ತೆ ಕೆಳಗಿಳಿಯಿತು. ಮೇಲೇರಲು ಹೆಣಗುತ್ತಿದ್ದ ಆ ಕ್ಲಬ್ಬಿಗೆ 1930ರ ಋತು ಆಸೆ ಹುಟ್ಟಿಸಿತು. ಎರಡನೇ ಡಿವಿಷನ್ನಿನಲ್ಲಿ ಆಟ ಕೈಗೂಡಿತ್ತು, ಬಡ್ತಿ ಕಣ್ಣಳತೆಯಲ್ಲಿತ್ತು. ಆದರೆ ಅದು ಉಪ್ಪಿನ ವರ್ಷ. ಮಾರ್ಚಿನಲ್ಲಿ ಗಾಂಧೀಜಿ ದಂಡಿಗೆ ಹೊರಟರು. ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪ ಅವರೊಡನೆ ನಡೆದರು. ಏಪ್ರಿಲಿನಲ್ಲಿ ನಮ್ಮ ಅಂಕೋಲೆಯ ಕಡಲತಡಿಯಲ್ಲಿ ಜನ ಉಪ್ಪು ಎತ್ತಿದರು. ದೇಶಕ್ಕೆ ದೇಶವೇ ಬೀದಿಗಿಳಿದಾಗ ಬ್ರಿಟಿಷ್ ಪಡೆಗಳ ಜತೆ ಲೀಗ್ ಆಡುವುದು ಹೇಗೆ? ಭಾರತೀಯ ಕ್ಲಬ್ಬುಗಳು ಹಿಂದೆ ಸರಿದವು. ಲೀಗ್ ಅರ್ಧಕ್ಕೇ ನಿಂತಿತು.

ಇದು ಸೋಲಲ್ಲ. ಯಾರೂ ಅವರನ್ನು ಚಿತ್ ಮಾಡಲಿಲ್ಲ. ಆದರೂ ಬಡ್ತಿ ಹೋಯಿತು. ದೇಶದ ಕೆಲಸ ದೊಡ್ಡದು, ಅದರ ಮುಂದೆ ಆಟ ಬಿಟ್ಟದ್ದು ಸರಿಯೇ. ಬಿಟ್ಟವರ ಹೊಟ್ಟೆಯ ಸಂಕಟವೂ ಅಷ್ಟೇ ನಿಜ. ಮೇಲಕ್ಕೇರುವ ಅವಕಾಶವನ್ನು ಕಿತ್ತುಕೊಂಡರೆಂದು ಈಸ್ಟ್ ಬೆಂಗಾಲಿನ ಅಭಿಮಾನಿಗಳು ಪಂಜು ಹಿಡಿದು ಮೆರವಣಿಗೆ ಹೊರಟರು. ಆ ಪಂಜೇ ಮುಂದೆ ಕ್ಲಬ್ಬಿನ ಲಾಂಛನವಾಯಿತು. ಇಂದಿಗೂ ಅವರ ಜೆರ್ಸಿಯ ಎದೆಯ ಮೇಲೆ ಕೈಯೊಂದು ಉರಿಯುವ ಪಂಜು ಹಿಡಿದಿದೆ. ಗೆದ್ದ ಕಪ್ಪಿನ ಚಿತ್ರವನ್ನು ಎದೆಗೆ ಹಾಕಿಕೊಳ್ಳುವ ಕ್ಲಬ್ಬುಗಳುಂಟು. ಈ ಕ್ಲಬ್ಬು ಹಾಕಿಕೊಂಡದ್ದು ಕೈತಪ್ಪಿದ ಬಡ್ತಿಯ ನೆನಪನ್ನು. ಮರುವರ್ಷವೇ ಅದು ಎರಡನೇ ಡಿವಿಷನ್ನಿನಿಂದ ಮೇಲೇರಿತು. ಮೊದಲ ಸಲ ಲೀಗ್ ಗೆದ್ದದ್ದು 1942ರಲ್ಲಿ.

ಬೇಲಿ ಮುರಿದದ್ದರ ನಿಜವಾದ ಫಲ ಸಿಕ್ಕಿದ್ದು ಇನ್ನೊಂದು ಕ್ಲಬ್ಬಿಗೆ. ಮೊಹಮ್ಮಡನ್ ಸ್ಪೋರ್ಟಿಂಗ್ 1933ರಲ್ಲಿ ಬಡ್ತಿ ಗಳಿಸಿ, ಮೇಲೇರಿದ ಮೊದಲ ವರ್ಷವೇ, 1934ರಲ್ಲಿ, ಲೀಗ್ ಗೆದ್ದ ಮೊದಲ ಭಾರತೀಯ ತಂಡವಾಯಿತು. 1938ರವರೆಗೆ ಐದು ವರ್ಷ ಕಿರೀಟವನ್ನು ಬಿಟ್ಟುಕೊಡಲಿಲ್ಲ. ಆ ತಂಡದಲ್ಲಿ ಬೆಂಗಳೂರಿನಿಂದ ಹೋದ ಆಟಗಾರರೂ ಇದ್ದರು.

ದಂಡಿನ ಹುಡುಗರು

ಬೆಂಗಳೂರಿನ ಹುಡುಗರಿಗೆ ಈ ಆಟ ಹತ್ತಿದ್ದು ದಂಡು ಪ್ರದೇಶದಿಂದ. ರೆಜಿಮೆಂಟುಗಳ ಆಟ ನೋಡಿ ಕಲಿತವರು ಹಲಸೂರು, ಗೌತಮಪುರ, ಆಸ್ಟಿನ್ ಟೌನ್ ಕೇರಿಗಳ ಮಣ್ಣಿನಲ್ಲಿ ಬರಿಗಾಲಲ್ಲಿ ಆಡಿದರು. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಮುಂಬಯಿಗೆ ಹೋಗಿ ರೋವರ್ಸ್ ಕಪ್ ಗೆದ್ದಿತು. ಫೈನಲ್‌ನಲ್ಲಿ ಎದುರಿದ್ದದ್ದು ಅದೇ ಮೊಹಮ್ಮಡನ್ ಸ್ಪೋರ್ಟಿಂಗ್. 1891ರಿಂದ ಬ್ರಿಟಿಷ್ ಪಡೆಗಳ ಸೊತ್ತಾಗಿದ್ದ ಆ ಕಪ್ಪು ಮೊದಲ ಸಲ ಭಾರತೀಯರ ಕೈಗೆ ಬಂದಿತ್ತು. 1938ರಲ್ಲೂ ಅವರೇ ಗೆದ್ದರು. ಹತ್ತು ವರ್ಷಗಳ ಮೇಲೆ, 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ, ಫ್ರಾನ್ಸ್ ವಿರುದ್ಧ ಭಾರತದ ಮೊದಲ ಒಲಿಂಪಿಕ್ ಗೋಲು ಹೊಡೆದ ಸಾರಂಗಪಾಣಿ ರಾಮನ್ ಕೂಡ ಬೆಂಗಳೂರಿನ ಮೈದಾನಗಳಲ್ಲಿ ಬೆಳೆದವರು.

ಮುಂಬಯಿ ಆಗ ನಮ್ಮದೇ ಪ್ರಾಂತದ ರಾಜಧಾನಿ. ಬೈಲಹೊಂಗಲ, ಕಿತ್ತೂರು, ಸವದತ್ತಿ ಮುಂಬಯಿ ಪ್ರಾಂತದ ಬೆಳಗಾವಿ ಜಿಲ್ಲೆಯಲ್ಲಿದ್ದವು. ರಾಮದುರ್ಗ ಬೇರೆ ಸಂಸ್ಥಾನ. ಬೆಳಗಾವಿಯಲ್ಲೂ ದಂಡು ಇತ್ತು, ಮರಾಠಾ ಲಘು ಪದಾತಿ ದಳವಿತ್ತು, ಅವರ ಜತೆ ಫುಟ್‌ಬಾಲ್ ಇತ್ತು. ಆದರೆ ನಮ್ಮ ಎರೆಮಣ್ಣಿನ ಹಳ್ಳಿಗಳಲ್ಲಿ ಗರಡಿಯೇ ಗಟ್ಟಿಯಾಗಿ ನಿಂತಿತು. ಕೊಲ್ಹಾಪುರದ ಶಾಹು ಮಹಾರಾಜರು ಖಾಸಬಾಗ್ ಕುಸ್ತಿ ಮೈದಾನ ಕಟ್ಟಿಸಿದ ಮೇಲಂತೂ, ಹಳ್ಳಿ ಗರಡಿಯಿಂದ ಜಾತ್ರೆಯ ಕಣಕ್ಕೆ, ಕಣದಿಂದ ಖಾಸಬಾಗಿಗೆ ಒಂದು ದಾರಿ ಎಲ್ಲರ ಕಣ್ಣಿಗೂ ಕಾಣುತ್ತಿತ್ತು. ದಾರಿ ಕಂಡಲ್ಲಿ ಹುಡುಗರು ನಡೆದರು.

ಕೆಳಗಿನ ಮೆಟ್ಟಿಲು

2023ರ ಮಾರ್ಚಿನಲ್ಲಿ ಕರ್ನಾಟಕ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ 54 ವರ್ಷಗಳ ಮೇಲೆ ಫುಟ್‌ಬಾಲಿನ ಸಂತೋಷ್ ಟ್ರೋಫಿ ತಂದಿತು. ಅದೇ ವರ್ಷ ಪಂಜಾಬಿನ ಕ್ಲಬ್ಬು ಐ-ಲೀಗ್ ಗೆದ್ದು, ಆಟದ ಬಲದಿಂದ ಇಂಡಿಯನ್ ಸೂಪರ್ ಲೀಗಿಗೆ ಬಡ್ತಿ ಪಡೆದ ಮೊದಲ ತಂಡವಾಯಿತು. 2014ರಲ್ಲಿ ಹುಟ್ಟಿದ ಆ ಲೀಗಿನಲ್ಲಿ ಅಷ್ಟು ವರ್ಷ ಏಣಿಯೇ ಇರಲಿಲ್ಲ. ಮರುವರ್ಷ ಮೇಲೇರಿದ್ದು ಮತ್ತೆ ಮೊಹಮ್ಮಡನ್ ಸ್ಪೋರ್ಟಿಂಗ್, 1933ರ ಬಡ್ತಿಯ 91 ವರ್ಷಗಳ ಮೇಲೆ.

ಏಣಿಯ ಮೇಲ್ತುದಿ ಹೀಗೆ ಸರಿಹೋಗುತ್ತಿದೆ. ನನ್ನ ಚಿಂತೆ ಕೆಳತುದಿಯದು. ನಮ್ಮ ಕಡೆಯ ಶಾಲೆಯ ಬಯಲಿನಲ್ಲಿ ಹುಡುಗರು, ಹುಡುಗಿಯರು ಚೆಂಡಿನ ಹಿಂದೆ ಓಡುವುದನ್ನು ಎಷ್ಟೋ ಸಂಜೆ ನಿಂತು ನೋಡಿದ್ದೇನೆ. ಎರಡು ಇಟ್ಟಿಗೆ ಗೋಲ್ ಕಂಬ, ಚೆಂಡಿನ ಚರ್ಮ ಸುಲಿದು ಒಳಗಿನ ಬಟ್ಟೆ ಕಾಣುತ್ತಿರುತ್ತದೆ. ಶಾಲೆಯಲ್ಲಿರುವ ತನಕ ತಾಲ್ಲೂಕು, ಜಿಲ್ಲೆ, ವಿಭಾಗ ಎಂಬ ಮೆಟ್ಟಿಲುಗಳಿವೆ. ಶಾಲೆ ಬಿಟ್ಟ ಮೇಲೆ ಒಂದು ದಿನದ ಟೂರ್ನಮೆಂಟು, ಒಂದು ಕಪ್ಪು, ಒಂದು ಮೆರವಣಿಗೆ. ಮರುದಿನ ಆ ಗೆಲುವು ಎಲ್ಲಿಗೂ ಒಯ್ಯುವುದಿಲ್ಲ. ಪ್ಲಿಮತ್ತಿನಂತೆ ಆರು ವರ್ಷ ಎರಡನೆಯವರಾಗಿ ಕಾಯಲು ಅವರು ತಯಾರಿದ್ದಾರೆ. ಕಾಯುವುದಕ್ಕೂ ಒಂದು ಸಾಲು ಬೇಕಲ್ಲ? ತಾಲ್ಲೂಕಿಗೊಂದು ಲೀಗ್, ಅದರಲ್ಲಿ ಎರಡೇ ಡಿವಿಷನ್, ವರ್ಷಕ್ಕೊಮ್ಮೆ ಒಂದು ತಂಡ ಮೇಲೆ, ಒಂದು ಕೆಳಗೆ. ಸವದತ್ತಿಯಲ್ಲಿ ಗೆದ್ದವರು ಬೆಳಗಾವಿಯಲ್ಲಿ ಆಡಲಿ, ಬೆಳಗಾವಿಯಲ್ಲಿ ಗೆದ್ದವರು ಬೆಂಗಳೂರಿನಲ್ಲಿ. ಇಷ್ಟಕ್ಕೆ ದೊಡ್ಡ ಕ್ರೀಡಾಂಗಣ ಬೇಡ. ಬರೆದಿಟ್ಟ ಒಂದು ನಿಯಮ, ಅದನ್ನು ಮುರಿಯದ ಹಿರಿಯರು ಬೇಕು.

ಅಂಥ ಹಿರಿಯರು ನಮ್ಮಲ್ಲಿದ್ದಾರೆ. ಹೋದ ವರ್ಷದ ಜಾತ್ರೆಯಲ್ಲಿ ತೆಂಗಿನಕಾಯಿ ಗೆದ್ದ ಹುಡುಗ ಈ ವರ್ಷ ಕಣದ ಅಂಚಿಗೆ ಬಂದು ಕೂತಾಗ, ಪಂಚರು ಅವನ ಕೈ ಹಿಡಿದೆಬ್ಬಿಸಿ, ಭುಜ ಮುಟ್ಟಿ ನೋಡಿ, ಹಲಗೆಯ ಸದ್ದಿನ ನಡುವೆ ಕೂಗಿ ಅವನ ಹೊಸ ಜೋಡಿಯನ್ನು ಕರೆಯುತ್ತಾರೆ. ಅವನ ಊರು ಯಾವುದು, ಅಪ್ಪ ಯಾರು ಎಂದು ಆ ಹೊತ್ತಿನಲ್ಲಿ ಯಾರೂ ಕೇಳುವುದಿಲ್ಲ. ಹೋದ ವರ್ಷ ಅವನು ಗೆದ್ದದ್ದು ಅವರಿಗೆ ನೆನಪಿರುತ್ತದೆ.