ಕೊಚ್ಚಿಯ ಚಂದ್ರ, ಮದರಾಸಿನ ಮೇಡಮ್

ಪರಊರಿಗೆ ಹೋದಾಗ ಹೊಟ್ಟೆ ಕೆಟ್ಟು ಮಲಗಿದ್ದೀರಾ? ಹಾಗಿದ್ದರೆ ಆಗ ಅಮ್ಮನ ಕೈಯ ಒಂದು ಲೋಟ ಗಂಜಿ ಎಷ್ಟು ನೆನಪಾಗುತ್ತದೆ ಎಂಬುದನ್ನು ನಿಮಗೆ ಬಿಡಿಸಿ ಹೇಳಬೇಕಿಲ್ಲ. ಅಂಥದೇ ಒಂದು ಕಾಯಿಲೆ, ಅಂಥದೇ ಒಂದು ಉಪಚಾರ ಜಪಾನಿನ ಒಂದು ಹೆಸರುವಾಸಿ ಸಂಗೀತದ ತಟ್ಟೆಯಲ್ಲಿ ಸೇರಿಕೊಂಡಿದೆ. ಅದರ ಹೆಸರು 'ಕೊಚ್ಚಿನ್ ಮೂನ್'. ಹೌದು, ನಮ್ಮ ನೆರೆಯ ಕೇರಳದ ಕೊಚ್ಚಿಯೇ!

1978ರಲ್ಲಿ ಹೊರಬಂದ ಈ ಎಲ್.ಪಿ. ತಟ್ಟೆಯ ಮೇಲೆ ಇಬ್ಬರ ಹೆಸರಿದೆ. ಒಬ್ಬರು ಸಂಗೀತಗಾರ ಹರುವೊಮಿ ಹೊಸೊನೊ, ಇನ್ನೊಬ್ಬರು ಚಿತ್ರಕಾರ ತದನೊರಿ ಯೊಕೊ.

ಇಬ್ಬರು ಗೆಳೆಯರು

ಹೊಸೊನೊ 1947ರಲ್ಲಿ ಟೋಕಿಯೋದಲ್ಲಿ ಹುಟ್ಟಿದವರು. ಅವರ ಅಜ್ಜನದೇ ಒಂದು ಕಥೆ. 1912ರಲ್ಲಿ ಮುಳುಗಿದ ಟೈಟಾನಿಕ್ ಹಡಗಿನಲ್ಲಿದ್ದ ಒಬ್ಬನೇ ಜಪಾನೀ ಪ್ರಯಾಣಿಕ ಅವರು. ಬದುಕಿ ಬಂದದ್ದೇ ತಪ್ಪೆಂಬಂತೆ ಊರಿನವರಿಂದ ನಿಂದೆ ಕೇಳಬೇಕಾಯಿತಂತೆ, ಪಾಪ! ಮೊಮ್ಮಗ ಬಾಸ್ ಗಿಟಾರ್ ಹಿಡಿದು, 'ಹ್ಯಾಪಿ ಎಂಡ್' ಎಂಬ ತಂಡ ಕಟ್ಟಿ, ಜಪಾನೀ ಭಾಷೆಯಲ್ಲೇ ರಾಕ್ ಹಾಡಿ ಹೆಸರು ಮಾಡಿದರು.

ಯೊಕೊ 1936ರಲ್ಲಿ ಹುಟ್ಟಿದವರು, ಭಾರತದ ಹುಚ್ಚು ಹತ್ತಿಸಿಕೊಂಡವರು. ನಮ್ಮ ಕ್ಯಾಲೆಂಡರಿನ ದೇವರ ಪಟ, ಸಿನಿಮಾ ಪೋಸ್ಟರುಗಳ ಗಾಢ ಬಣ್ಣ ಎಂದರೆ ಅವರಿಗೆ ಪ್ರಾಣ. "ಬನ್ನಿ, ಭಾರತಕ್ಕೆ ಹೋಗಿಬರೋಣ" ಎಂದು ಹೊಸೊನೊರನ್ನು ಕರೆತಂದವರೂ ಅವರೇ.

ಎಣಿಸಿದ್ದೊಂದು, ಆದದ್ದೊಂದು

ಇಲ್ಲಿನ ಬೀದಿ, ನೀರು, ಜನಸಂದಣಿಯ ಸದ್ದುಗಳನ್ನೇ ಹಿಡಿದು ತಟ್ಟೆ ಮಾಡಬೇಕೆಂದು ಮೊದಲ ಎಣಿಕೆ. ಆದರೆ ಹೊಸೊನೊಗೆ ಹೊಟ್ಟೆ ಕೆಟ್ಟಿತು, ಅದೂ ಎದ್ದು ಓಡಾಡಲಾಗದಷ್ಟು. ಗುರುತಿಲ್ಲದ ದೇಶ, ತಿಳಿಯದ ಭಾಷೆ, ನಿಲ್ಲದ ಭೇದಿ. ಆಗ ಅವರಿಗೆ ಆಸರೆಯಾದವರು ಮದರಾಸಿನಲ್ಲಿದ್ದ ಜಪಾನೀ ಕಾನ್ಸಲ್ ಜನರಲ್ ಅವರ ಪತ್ನಿ. ಅವರ ಮನೆಯ ಜಪಾನೀ ಊಟ, ಆರೈಕೆಯಿಂದ ಹೊಸೊನೊ ಚೇತರಿಸಿಕೊಂಡರು.

ಟೋಕಿಯೋಗೆ ಮರಳಿದ ಮೇಲೆ ತಟ್ಟೆಯ ರೂಪವೇ ಬದಲಾಯಿತು. ಇಲ್ಲಿ ಕೇಳಿದ್ದನ್ನೆಲ್ಲ ಸಿಂಥಸೈಜರ್ ಎಂಬ ವಿದ್ಯುತ್ ವಾದ್ಯದಲ್ಲಿ ಹೊಸದಾಗಿ ಹುಟ್ಟಿಸಿದರು. ಈ ವಾದ್ಯದಲ್ಲಿ ತಂತಿಯಿಲ್ಲ, ಚರ್ಮವಿಲ್ಲ. ವಿದ್ಯುತ್ತಿನ ಅಲೆ ಬೇಗ ಬೇಗ ಕಂಪಿಸಿದರೆ ಸ್ವರ ಏರುತ್ತದೆ, ನಿಧಾನವಾದರೆ ಇಳಿಯುತ್ತದೆ. ನಾವು ಹಿಟ್ಟು ಜರಡಿ ಹಿಡಿಯುವಂತೆ ಆ ಅಲೆಯನ್ನೂ ಸೋಸಿ, ಬೇಕಾದ ನಾದವನ್ನಷ್ಟೇ ಉಳಿಸಿಕೊಳ್ಳಬಹುದು. ತಟ್ಟೆ ಕೇಳುವಾಗ ಇರುಳಿನ ಹುಳುಗಳು ಚಿರಗುಟ್ಟಿದಂತೆ, ನೀರು ಗುಳುಗುಳಿಸಿದಂತೆ ಅನ್ನಿಸುತ್ತದೆ. ಕಪ್ಪೆಯಿಲ್ಲ, ಕೊಳವಿಲ್ಲ, ಎಲ್ಲ ಯಂತ್ರದ್ದೇ! ರ್ಯೂಇಚಿ ಸಕಾಮೊತೊ ಮತ್ತು ಹಿದೆಕಿ ಮತ್ಸುತಾಕೆ ಇದಕ್ಕೆ ಕೈಜೋಡಿಸಿದರು. ರಕ್ಷಾಕವಚದ ಚಿತ್ರ ಯೊಕೊ ಅವರದು.

ಒಟ್ಟು 6 ರಚನೆಗಳು. ಮೊದಲ ಮಗ್ಗುಲಿನ ಮೂರೂ 'ಹೋಟೆಲ್ ಮಲಬಾರ್'. ಹೋಟೆಲಿನ ನೆಲ ಅಂತಸ್ತು, ಮೇಲಂತಸ್ತು, ತಾರಸಿಯ ತೋಟ ಎಂದು ಮೆಟ್ಟಿಲು ಹತ್ತಿಸುತ್ತಾ ಹೋಗುತ್ತವೆ. ಎರಡನೇ ಮಗ್ಗುಲಿನಲ್ಲಿ ಒಂದರ ಹೆಸರು 'ಹೆಪಟೈಟಿಸ್', ಅಂದರೆ ಯಕೃತ್ತಿನ ಬಾವು! ಮತ್ತೊಂದು 'ಹಮ್ ಘರ್ ಸಾಜನ್'. ಕೊನೆಯದು 'ಮೇಡಮ್ ಕಾನ್ಸಲ್ ಜನರಲ್ ಆಫ್ ಮದ್ರಾಸ್', ಆ ಉಪಕಾರಕ್ಕೆ ಸಲ್ಲಿಸಿದ ಕೃತಜ್ಞತೆ.

ಅದೇ ವರ್ಷ ಹೊಸೊನೊ, ಸಕಾಮೊತೊ ಮತ್ತು ಯುಕಿಹಿರೊ ತಕಹಾಶಿ ಸೇರಿ 'ಯೆಲ್ಲೋ ಮ್ಯಾಜಿಕ್ ಆರ್ಕೆಸ್ಟ್ರಾ' ಕಟ್ಟಿದರು, ಜಗತ್ತೇ ತಿರುಗಿ ನೋಡಿತು. 2018ರಲ್ಲಿ ಕಾನ್ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿ ಗೆದ್ದ 'ಶಾಪ್‌ಲಿಫ್ಟರ್ಸ್' ಚಿತ್ರಕ್ಕೆ ಸಂಗೀತ ಕೊಟ್ಟವರೂ ಈ ಹೊಸೊನೊ ಅವರೇ.

ಹೆಸರಿಲ್ಲದ ಕೈ

ಒಂದು ಮಾತು ಗಮನಿಸಿದಿರಾ? ಆ ಗೃಹಿಣಿಗೆ ಹಾಡಿನಲ್ಲಿ ಜಾಗ ಸಿಕ್ಕಿತು ನಿಜ, ಸಿಕ್ಕಿದ್ದು ಮಾತ್ರ ಗಂಡನ ಹುದ್ದೆಯ ಹೆಸರಿನಲ್ಲಿ. ನಮ್ಮಲ್ಲೂ ಹೀಗೇ ಅಲ್ಲವೇ? 'ಡಾಕ್ಟರ ಹೆಂಡತಿ', 'ಮೇಷ್ಟ್ರ ಮನೆಯವರು'. ಕಾಯಿಲೆಯವರಿಗೆ ಗಂಜಿ ಕಾಯಿಸಿದ ಕೈಗೆ ಸ್ವಂತ ಹೆಸರು ಸಿಗುವುದು ಅಪರೂಪ. ಆದರೂ ಒಬ್ಬ ಕಲಾವಿದ ಆ ಉಪಕಾರವನ್ನು ಮರೆಯದೆ ತಟ್ಟೆಯ ಕೊನೆಯಲ್ಲಿ ಇಟ್ಟನಲ್ಲ, ಅದು ದೊಡ್ಡದು. ನಿಮಗೆ ಹೀಗೆ ಉಪಚಾರ ಮಾಡಿದವರಿದ್ದರೆ ಅವರ ಹೆಸರು ಹಿಡಿದೇ ನೆನೆಯಿರಿ.

ಜಪಾನೀ ಗಂಜಿ 'ಒಕಾಯು'

ಜಪಾನಿನ ಮನೆಗಳಲ್ಲಿ ಕಾಯಿಲೆಯವರಿಗೆ ಕೊಡುವ ಗಂಜಿ ಇದು. ಅರ್ಧ ಲೋಟ ಅಕ್ಕಿ ತೊಳೆದು, ಎರಡೂವರೆ ಲೋಟ ನೀರಿನಲ್ಲಿ ಅರ್ಧ ಗಂಟೆ ನೆನೆಸಿ. ಒಂದು ಕುದಿ ಬಂದ ಮೇಲೆ ಉರಿ ಸಣ್ಣ ಮಾಡಿ, ಮುಚ್ಚಳ ಓರೆ ಇಟ್ಟು ಅರ್ಧ ಗಂಟೆಗೂ ಸ್ವಲ್ಪ ಹೆಚ್ಚು ಬೇಯಿಸಿ. ಪದೇ ಪದೇ ಕೈಯಾಡಿಸಬೇಡಿ, ಅಂಟಾಗುತ್ತದೆ. ಚಿಟಿಕೆ ಉಪ್ಪು ಸಾಕು. ಅವರು ಇದಕ್ಕೆ 'ಉಮೆಬೊಶಿ' ಎಂಬ ಉಪ್ಪಿನಲ್ಲಿ ಹಾಕಿಟ್ಟ ಹುಳಿ ಹಣ್ಣು ನಂಚಿಕೊಳ್ಳುತ್ತಾರೆ. ನಮ್ಮಲ್ಲಿ ಎಣ್ಣೆ, ಖಾರವಿಲ್ಲದ ಉಪ್ಪು ನಿಂಬೆಕಾಯಿ ಆದೀತು.

ಭೇದಿಯಾಗುತ್ತಿದ್ದರೆ ಕುದಿಸಿ ಆರಿಸಿದ 1 ಲೀಟರ್ ನೀರಿಗೆ 6 ಸಮ ಚಹಾ ಚಮಚ ಸಕ್ಕರೆ, ಅರ್ಧ ಸಮ ಚಮಚ ಉಪ್ಪು ಬೆರೆಸಿ ಗುಟುಕು ಗುಟುಕಾಗಿ ಕುಡಿಸುತ್ತಿರಿ. ರಕ್ತ ಕಂಡರೆ, ಜ್ವರ ಏರಿದರೆ, ಮಗು ಮಂಕಾದರೆ ತಡಮಾಡದೆ ವೈದ್ಯರಲ್ಲಿಗೆ ಹೋಗಿ.