ಕುವೆಂಪು–ಕಸಿನ್ಸ್ ಭೇಟಿ: ಪಾಠದ ಹಿಂದಿರುವ ಐರ್ಲೆಂಡ್

ಕಳೆದ ಸಾಲಿನ ಬೋಧನಾಭ್ಯಾಸದ ಸಮಯದಲ್ಲಿ ಒಂದು ಪ್ರೌಢಶಾಲೆಯ ಒಂಬತ್ತನೇ ತರಗತಿಯಲ್ಲಿ ಕನ್ನಡ ಪಾಠ ವೀಕ್ಷಿಸುತ್ತಿದ್ದೆ. ಪ್ರಶಿಕ್ಷಣಾರ್ಥಿ ಕುವೆಂಪು ಅವರ ಕವಿಪರಿಚಯ ಮಾಡುತ್ತಾ ನಮಗೆಲ್ಲ ಗೊತ್ತಿರುವ ಪ್ರಸಂಗಕ್ಕೆ ಬಂದರು: 1924ರಲ್ಲಿ ಮೈಸೂರಿಗೆ ಬಂದಿದ್ದ ಜೇಮ್ಸ್ ಕಸಿನ್ಸ್ ಅವರಿಗೆ ತರುಣ ಪುಟ್ಟಪ್ಪ ತಮ್ಮ ಇಂಗ್ಲಿಷ್ ಕವಿತೆಗಳನ್ನು ತೋರಿಸಿದ್ದು, ನಿಮ್ಮ ಭಾಷೆಯಲ್ಲೇ ಬರೆಯಿರಿ ಎಂದು ಕಸಿನ್ಸ್ ಹೇಳಿದ್ದು. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, “ಮಿಸ್, ಅವರು ಇಂಗ್ಲಿಷಿನವರು ತಾನೆ? ಮತ್ತೆ ಇಂಗ್ಲಿಷಲ್ಲಿ ಬರೀಬೇಡ ಅಂತ ಯಾಕೆ ಹೇಳಿದ್ರು?” ಎಂದ. “ಅವರು ದೊಡ್ಡ ಮನಸ್ಸಿನವರು” ಎಂದು ಉತ್ತರಿಸಿ ಪ್ರಶಿಕ್ಷಣಾರ್ಥಿ ಮುಂದಕ್ಕೆ ಹೋದರು.

ಆ ಉತ್ತರ ಸುಳ್ಳಲ್ಲ. ಆದರೆ ಹುಡುಗ ಕೇಳಿದ್ದಕ್ಕೆ ಅದು ಉತ್ತರವೂ ಅಲ್ಲ. ಪಾಠದ ನಂತರದ ಚರ್ಚೆಯಲ್ಲಿ ನಾನು ಹೇಳಿದ್ದನ್ನು ಸ್ವಲ್ಪ ವಿಸ್ತರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ತಿದ್ದಬೇಕಾದದ್ದು ‘ಇಂಗ್ಲಿಷಿನವರು’ ಎಂಬ ಮಾತನ್ನು. ಕಸಿನ್ಸ್ ಹುಟ್ಟಿದ್ದು 1873ರಲ್ಲಿ, ಐರ್ಲೆಂಡಿನ ಬೆಲ್‌ಫಾಸ್ಟ್ ನಗರದಲ್ಲಿ. ಡಬ್ಲಿನ್ನಿನಲ್ಲಿ ಅವರು ಕವಿ, ನಾಟಕಕಾರ, ಜೊತೆಗೆ ಶಾಲಾ ಉಪಾಧ್ಯಾಯ. ಪತ್ನಿ ಮಾರ್ಗರೆಟ್ ಅಲ್ಲಿ ಮಹಿಳೆಯರ ಮತದಾನದ ಹಕ್ಕಿಗಾಗಿ ಹೋರಾಡಿದವರು. ದಂಪತಿ ಭಾರತಕ್ಕೆ ಬಂದದ್ದು 1915ರಲ್ಲಿ. ಅವರ ನಾಡು 1801ರಿಂದ ಸ್ವಂತ ಪಾರ್ಲಿಮೆಂಟ್ ಇಲ್ಲದೆ ಲಂಡನ್ನಿನ ಆಳ್ವಿಕೆಯಲ್ಲಿತ್ತು.

ಆ ನಾಡಿಗೆ ಸ್ವಂತ ಭಾಷೆಯೊಂದಿತ್ತು. ಐರಿಷ್ ಇಂಗ್ಲಿಷಿನ ಒಂದು ರೂಪವಲ್ಲ. ಕೆಲ್ಟಿಕ್ ಬಳಗಕ್ಕೆ ಸೇರಿದ, ತೀರ ಬೇರೆಯದೇ ಭಾಷೆ. 1831ರಲ್ಲಿ ಆರಂಭವಾದ ಸರ್ಕಾರಿ ಪ್ರಾಥಮಿಕ ಶಾಲಾ ವ್ಯವಸ್ಥೆಯಲ್ಲಿ ಕಲಿಕೆಯ ಮಾಧ್ಯಮ ಇಂಗ್ಲಿಷ್ ಆಯಿತು. 1845ರಿಂದ ಆಲೂಗಡ್ಡೆ ಬೆಳೆಗೆ ರೋಗ ಬಿದ್ದು ಬಂದ ಕ್ಷಾಮದಲ್ಲಿ ಸುಮಾರು 10 ಲಕ್ಷ ಜನ ಸತ್ತರು. ಹೆಚ್ಚುಕಡಿಮೆ ಅಷ್ಟೇ ಜನ ದೇಶ ಬಿಟ್ಟರು. ಹೆಚ್ಚು ನಷ್ಟವಾದದ್ದು ಐರಿಷ್ ಮಾತಾಡುವ ಬಡವರಿಗೇ. 1901ರ ಜನಗಣತಿಯ ವೇಳೆಗೆ ಐರಿಷ್ ಬಲ್ಲವರು ಸುಮಾರು 6.4 ಲಕ್ಷ, ಅಂದರೆ ನೂರಕ್ಕೆ 14 ಮಂದಿ ಮಾತ್ರ.

ಶಿಕ್ಷಕರಾದ ನಾವು ಮರೆಯಬಾರದ ಒಂದು ವಸ್ತು ಈ ಕಥೆಯಲ್ಲಿದೆ. ಹತ್ತೊಂಬತ್ತನೇ ಶತಮಾನದಲ್ಲಿ ಅಲ್ಲಿನ ಎಷ್ಟೋ ಕಡೆ ಮಗುವಿನ ಕೊರಳಿಗೆ ಒಂದು ಕೋಲು ಕಟ್ಟುತ್ತಿದ್ದರು. ಮಗು ಐರಿಷ್ ಮಾತಾಡಿದಾಗಲೆಲ್ಲ ಅದರಲ್ಲಿ ಒಂದು ಗೀರು. ಕೊನೆಗೆ ಗೀರು ಎಣಿಸಿ ಮೇಷ್ಟ್ರು ಶಿಕ್ಷೆ ಕೊಡುತ್ತಿದ್ದರು. ಮನೆಯಲ್ಲಿ ಗೀರು ಹಾಕುತ್ತಿದ್ದವರು ತಂದೆತಾಯಿಯರೇ. ಅವರೇನು ಮಕ್ಕಳ ವೈರಿಗಳಲ್ಲ. ಕೆಲಸಕ್ಕೂ ಅಮೆರಿಕದ ಹಡಗು ಹತ್ತುವುದಕ್ಕೂ ಇಂಗ್ಲಿಷ್ ಬೇಕು, ಮನೆಮಾತಿನಿಂದ ಹೊಟ್ಟೆ ತುಂಬದು ಎಂದು ನಂಬಿದ್ದರು.

ಇಷ್ಟು ಹೇಳುವಾಗ ಪ್ರಶಿಕ್ಷಣಾರ್ಥಿ ತಲೆ ತಗ್ಗಿಸಿ ಕೂತಿದ್ದರು. “ಸರ್, ನಾನು ಓದಿದ ಶಾಲೇಲಿ ಕನ್ನಡ ಮಾತಾಡಿದರೆ ಐದು ರೂಪಾಯಿ ದಂಡ ಇತ್ತು. ಅಪ್ಪ ಬೈಯದೆ ಕೊಡ್ತಿದ್ರು” ಎಂದರು. ನಾನು ಏನೂ ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ.

ಶತಮಾನದ ಕೊನೆಯಲ್ಲಿ ಗಾಳಿ ತಿರುಗಿತು. 1892ರಲ್ಲಿ ಡಗ್ಲಸ್ ಹೈಡ್ ಡಬ್ಲಿನ್ನಿನ ಭಾಷಣವೊಂದರಲ್ಲಿ, ಭಾಷೆ ಬಿಟ್ಟ ಜನ ಬರೀ ಅನುಕರಣೆ ಮಾಡುವವರಾಗುತ್ತಾರೆ ಎಂಬ ಅರ್ಥದಲ್ಲಿ ಎಚ್ಚರಿಸಿದರು. ಹೈಡ್ ಪಾದ್ರಿಯೊಬ್ಬರ ಮಗ; ಐರಿಷ್ ಕಲಿತದ್ದು ಊರಿನ ಸಾಮಾನ್ಯ ಜನರ ಬಾಯಿಂದ. ಮರುವರ್ಷ, 1893ರಲ್ಲಿ, ಅವರೂ ಓಯಿನ್ ಮ್ಯಾಕ್‌ನೀಲ್ ಮತ್ತಿತರರೂ ಸೇರಿ ಗೇಲಿಕ್ ಲೀಗ್ ಕಟ್ಟಿದರು. ಸಂಜೆ ತರಗತಿ, ಊರೂರು ತಿರುಗುವ ಶಿಕ್ಷಕರು, ಹಾಡು, ಕುಣಿತ, ಪತ್ರಿಕೆ ಇವು ಅದರ ಸಾಧನಗಳಾಗಿದ್ದವು. ಐರಿಷ್ ಮಾತಾಡುವ ಪ್ರದೇಶಗಳ ಶಾಲೆಗಳಲ್ಲಿ ಎರಡೂ ಭಾಷೆಯಲ್ಲಿ ಕಲಿಸಲು 1904ರಲ್ಲಿ ಅವಕಾಶ ಸಿಕ್ಕಿತು. ಲೀಗಿನ ಪತ್ರಿಕೆಯ ಸಂಪಾದಕರಾಗಿದ್ದ ಪ್ಯಾಟ್ರಿಕ್ ಪಿಯರ್ಸ್ ಬೆಲ್ಜಿಯಂಗೆ ಹೋಗಿ ದ್ವಿಭಾಷಾ ಶಾಲೆಗಳನ್ನು ನೋಡಿಬಂದು, 1908ರಲ್ಲಿ ತಾವೇ ಒಂದು ಶಾಲೆ ತೆರೆದರು. 1913ರಲ್ಲಿ ಆ ಶಾಲೆಯ ಸಹಾಯಾರ್ಥವಾಗಿ ಡಬ್ಲಿನ್ನಿನ ಆಬಿ ರಂಗಮಂದಿರದಲ್ಲಿ ನಡೆದ ಪ್ರದರ್ಶನದಲ್ಲಿ ರವೀಂದ್ರನಾಥ ಠಾಕೂರರ ‘ಅಂಚೆ ಮನೆ’ ನಾಟಕವೂ ಇತ್ತು.

ಆ ಆಬಿ ರಂಗಮಂದಿರ ಬಾಗಿಲು ತೆರೆದದ್ದು 1904ರಲ್ಲಿ. ಯೇಟ್ಸ್, ಲೇಡಿ ಗ್ರೆಗರಿ, ಸಿಂಜ್ ಅಲ್ಲಿಗೆ ಬರೆದರು. ಅದಕ್ಕೂ ಮೊದಲೇ, 1902ರಲ್ಲಿ, ಕಸಿನ್ಸ್ ಅವರ ಕಿರುನಾಟಕಗಳು ಡಬ್ಲಿನ್ನಿನಲ್ಲಿ ಪ್ರಯೋಗಗೊಂಡಿದ್ದವು. ಆದರೆ ಇವರೆಲ್ಲ ಮುಖ್ಯವಾಗಿ ಬರೆದದ್ದು ಇಂಗ್ಲಿಷಿನಲ್ಲಿ! ಐರಿಷ್ ಪುರಾಣ, ಐರಿಷ್ ಹಳ್ಳಿ, ಐರಿಷ್ ನುಡಿಯ ಲಯ ಎಲ್ಲವೂ ಇಂಗ್ಲಿಷ್ ಮೂಲಕ. ಯೇಟ್ಸ್‌ಗೆ ಐರಿಷ್ ಓದಲು ಬರುತ್ತಿರಲಿಲ್ಲ. ಮನೆಯಲ್ಲಿ ಆ ಭಾಷೆ ತಲೆಮಾರುಗಳ ಹಿಂದೆಯೇ ನಿಂತುಹೋಗಿದ್ದವರಿಗೆ, ಅಥವಾ ಎಂದೂ ಇರದಿದ್ದವರಿಗೆ, ಬೇರೆ ದಾರಿ ಸುಲಭವಿರಲಿಲ್ಲ.

ಈಗ ಹುಡುಗನ ಪ್ರಶ್ನೆಗೆ ಹಿಂದಿರುಗೋಣ. ಮೈಸೂರಿನಲ್ಲಿ ಪುಟ್ಟಪ್ಪನವರ ಎದುರು ಕೂತಿದ್ದವರು ಈ ಚರ್ಚೆಗಳ ನಡುವೆ ಬೆಳೆದ ಕವಿ. ಅವರ ಎದುರಿಗಿದ್ದ ಯುವಕನ ಭಾಷೆಯಾದರೋ ಸಂತೆಯಲ್ಲಿ, ಮನೆಯಲ್ಲಿ, ಮಲೆನಾಡಿನ ಗದ್ದೆಯಲ್ಲಿ ಜೀವಂತವಾಗಿತ್ತು. ಭಾಷೆಯನ್ನು ಮೊದಲು ಬದುಕಿಸಿಕೊಂಡು ಆಮೇಲೆ ಬರೆಯಬೇಕಾದ ಕಷ್ಟ ಆ ಯುವಕನಿಗಿರಲಿಲ್ಲ.

ಪಾಠಯೋಜನೆ ಬರೆಯುವವರಿಗೆ ಎರಡು ಮಾತು. ಐರ್ಲೆಂಡನ್ನು ಹಿನ್ನೆಲೆಯೆಂದು ಹೇಳಿ. ಕಸಿನ್ಸ್ ಸಲಹೆಗೆ ಇದೇ ಕಾರಣವೆಂದು ಕಪ್ಪುಹಲಗೆಯ ಮೇಲೆ ಬರೆಯಬೇಡಿ. ಎರಡನೆಯದು, ಕಥೆಯನ್ನು ಗೆಲುವಿನಲ್ಲಿ ಮುಗಿಸಬೇಡಿ. 1922ರಲ್ಲಿ ಸ್ವಂತ ಸರ್ಕಾರ ಬಂದ ಮೇಲೆ ಐರ್ಲೆಂಡ್ ಶಾಲೆಗಳಲ್ಲಿ ಐರಿಷ್ ಕಡ್ಡಾಯ ಮಾಡಿತು. ಆದರೂ ಬಹುಪಾಲು ಮನೆಗಳಿಗೆ ಅದು ಮಾತಾಗಿ ಮರಳಲಿಲ್ಲ. ಮನೆ ಬಿಟ್ಟುಕೊಟ್ಟದ್ದನ್ನು ಶಾಲೆಯೊಂದೇ ತಂದುಕೊಡಲಾರದು.

ಮರುವಾರ ಅದೇ ಪ್ರಶಿಕ್ಷಣಾರ್ಥಿ ಅದೇ ತರಗತಿಗೆ ಹೋಗಿ, ಪಾಠ ಶುರು ಮಾಡುವ ಮೊದಲು ಐದು ನಿಮಿಷ ಆ ಕೋಲಿನ ಕಥೆ ಹೇಳಿದರು. ನಂತರ ಹಿಂದಿನ ಬೆಂಚಿನತ್ತ ನೋಡಿ, “ಹೋದ ವಾರ ನೀನು ಒಂದು ಪ್ರಶ್ನೆ ಕೇಳಿದ್ದೆ, ಇನ್ನೊಂದು ಸಲ ಕೇಳು” ಎಂದರು. ನನ್ನ ವೀಕ್ಷಣಾ ಪುಸ್ತಕದಲ್ಲಿ ಆ ದಿನ ‘ಸಲಹೆಗಳು’ ಎಂಬ ಕಾಲಂ ಖಾಲಿ ಉಳಿಯಿತು.